ಕೆಂಪಿಯ ಹಲ್ಲು, ನನ್ನ ಬಕೆಟ್ಟು

ಕೆಂಪಿ ಅನ್ನೋ ಕುದುರೆ ನಮ್ಮ ಮನೆಗೆ ಬಂದಾಗ ಅದಕ್ಕೆ 22 ವರ್ಷ. ಬೆಂಗಳೂರಿನಲ್ಲಿ ಸವಾರಿ ಕಲಿಸುವವರೊಬ್ಬರು "ಇನ್ನು ಇದರಿಂದ ಕೆಲಸ ಆಗಲ್ಲ, ಜಾಗ ಇದ್ದರೆ ಇಟ್ಕೊಳ್ಳಿ" ಅಂತ ಪುಕ್ಕಟೆ ಕೊಟ್ಟರು. ಹೊಸೂರು ಕಡೆಯ ತಳಿ ಅನ್ನೋ ಊರಿನ ಹತ್ತಿರ ನಮಗೆ ನಾಲ್ಕು ಎಕರೆ ಇದೆ. ರಾಗಿ, ಹುರುಳಿ, ಒಂದಷ್ಟು ಗುಲಾಬಿ. ಹಸುಗಳ ಕೊಟ್ಟಿಗೆಯಲ್ಲೇ ಒಂದು ಮೂಲೆ ಮಾಡಿಕೊಟ್ಟೆ. ದಾನಕ್ಕೆ ಬಂದ ದನದ ಹಲ್ಲು ಎಣಿಸಬಾರದು ಅಂತಾರಲ್ಲ, ನಾನೂ ಎಣಿಸಲಿಲ್ಲ. ಎಣಿಸಬೇಕಿತ್ತು.

ಮೂರು ವರ್ಷ ಏನೂ ತೊಂದರೆ ಇರಲಿಲ್ಲ. ಆಮೇಲೆ ಒಂದು ಚಳಿಗಾಲದಲ್ಲಿ ಗೋದಲಿ ಕೆಳಗೆ ಹಸಿರು ಉಂಡೆಗಳು ಕಾಣಿಸತೊಡಗಿದವು. ನಿಂಬೆಹಣ್ಣಿನ ಗಾತ್ರ, ಒದ್ದೆ, ಅರ್ಧ ಅಗಿದ ಹುಲ್ಲು. ಹುಲ್ಲಿನಲ್ಲೇ ಏನೋ ದೋಷ ಅಂದುಕೊಂಡು ಹೊಸ ಮೆದೆ ಬಿಚ್ಚಿದೆ. ಉಂಡೆ ನಿಲ್ಲಲಿಲ್ಲ. ಪಕ್ಕೆಲುಬು ಎಣಿಸುವಂತಾಯಿತು. ಜಂತುಹುಳಕ್ಕೆ ಔಷಧಿ ಹಾಕಿದೆ, ಬೂಸ ಜಾಸ್ತಿ ಮಾಡಿದೆ, ಹುರುಳಿ ನೆನೆಸಿ ಕೊಟ್ಟೆ. ಗೋದಲಿ ಖಾಲಿಯಾಗುತ್ತಿತ್ತು, ಮೈ ಮಾತ್ರ ತುಂಬಲಿಲ್ಲ. ಒಂದು ದಿನ ಲದ್ದಿ ಬಾಚುವಾಗ ನೋಡಿದರೆ ಹುರುಳಿ ಕಾಳು ಹಾಕಿದ ಹಾಗೇ ಇಡಿಯಾಗಿ ಆಚೆ ಬಂದಿದೆ. ಹುಲ್ಲಿನ ಎಳೆಗಳು ಬೆರಳುದ್ದ.

ಹೊಸೂರಿನಿಂದ ಪಶುವೈದ್ಯರನ್ನು ಕರೆಸಿದೆ. ಬ್ರಿಟಿಷರ ಕಾಲದಲ್ಲಿ ಸೈನ್ಯಕ್ಕೆ ಕುದುರೆ ಸಾಕಿದ ಮತ್ತಿಗಿರಿ ಫಾರಂ ನಮಗೆ ದೂರವಲ್ಲ, ಆದರೆ ಈಗ ಸುತ್ತಮುತ್ತ ಕುದುರೆ ಬಾಯಿ ಗೊತ್ತಿರುವವರು ಕಡಿಮೆ. ಇವರಿಗೆ ಗೊತ್ತಿತ್ತು. ಮಂಪರು ಬರಲು ಸೂಜಿ ಹಾಕಿ, ಬಾಯಿಗೆ ಕಬ್ಬಿಣದ ಚೌಕಟ್ಟು ಕೊಟ್ಟು, ಹಣೆಗೆ ಟಾರ್ಚ್ ಕಟ್ಟಿಕೊಂಡು ಕೈ ಒಳಗೆ ಹಾಕಿದರು. ನನಗೂ ಮುಟ್ಟಿ ನೋಡಿ ಅಂದರು. ಮೇಲಿನ ದವಡೆ ಹಲ್ಲುಗಳ ಹೊರಗಿನ ಅಂಚು ಚೂರಿಯಂತಿತ್ತು, ಕೆನ್ನೆಯ ಒಳಗೆ ಹುಣ್ಣು. ಕೆಳಗೆ ಎರಡು ದವಡೆ ಹಲ್ಲು ಇರಲೇ ಇಲ್ಲ. ಉಳಿದವು ನುಣ್ಣಗೆ, ನಮ್ಮಜ್ಜಿಯ ಸವೆದ ಬೀಸುಕಲ್ಲಿನ ಹಾಗೆ.

ಬೀಸುಕಲ್ಲಿಗಾದರೆ ಉಳಿಯಲ್ಲಿ ಮತ್ತೆ ಕಚ್ಚು ಹಾಕಿಸಬಹುದು. ಇಲ್ಲಿ ಆಗಲ್ಲ. ಕುದುರೆಯ ಹಲ್ಲು ಒಸಡಿನೊಳಗೆ ಉದ್ದಕ್ಕೆ ಹೂತಿರುತ್ತದಂತೆ. ವರ್ಷಕ್ಕೆ 2ರಿಂದ 3 ಮಿಲಿಮೀಟರ್ ಮೇಲಕ್ಕೆ ಬರುತ್ತಾ, ಅಷ್ಟೇ ಸವೆಯುತ್ತಾ ಹೋಗುತ್ತದೆ. ಇಪ್ಪತ್ತೈದು ದಾಟಿದ ಮೇಲೆ ಒಳಗಿನ ದಾಸ್ತಾನು ಮುಗಿಯುತ್ತಾ ಬರುತ್ತದೆ. ಡಾಕ್ಟರು ಚೂಪಾದ ಅಂಚಿಗಷ್ಟೇ ಅರ ಹಾಕಿದರು. "ಜಾಸ್ತಿ ಉಜ್ಜಿದರೆ ಇರುವುದನ್ನೂ ಕಳೆದ ಹಾಗೆ. ಆರು ತಿಂಗಳಿಗೊಮ್ಮೆ ತೋರಿಸಿ. ಇನ್ನು ಅಗಿಯುವ ಕೆಲಸ ನಿಮ್ಮದು" ಅಂದರು.

ತಮಾಷೆಗೆ ಹೇಳಿದರು ಅಂದುಕೊಂಡಿದ್ದೆ. ಅಲ್ಲ, ಈಗ ನಾನು ಮಾಡುತ್ತಿರುವುದು ಅದೇ ಕೆಲಸ, ಬಕೆಟ್ಟು ಮತ್ತು ನೀರು ಇಟ್ಟುಕೊಂಡು.

ಮೊದಲು ತೂಕ. ತಕ್ಕಡಿ ಎಲ್ಲಿ ತರೋದು? ದರ್ಜಿ ಟೇಪು ಸಾಕು. ಮುಂಗಾಲ ಹಿಂದಿನ ಎದೆ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಭುಜದ ತುದಿಯಿಂದ ಪೃಷ್ಠದ ತುದಿವರೆಗಿನ ಉದ್ದದಿಂದ ಮತ್ತೆ ಗುಣಿಸಿ, 11877ರಿಂದ ಭಾಗಿಸಬೇಕು. ಅಳತೆ ಸೆಂಟಿಮೀಟರಿನಲ್ಲಿದ್ದರೆ ಉತ್ತರ ಕೆಜಿಯಲ್ಲಿ ಬರುತ್ತದೆ. ಕೆಂಪಿಯ ಸುತ್ತಳತೆ 165, ಉದ್ದ 152. ಅಂದರೆ ಸುಮಾರು 348 ಕೆಜಿ. ಒಣ ತೂಕದಲ್ಲಿ ಮೈತೂಕದ ನೂರಕ್ಕೆ ಒಂದೂವರೆಯಿಂದ ಎರಡು ಪಾಲು ಮೇವು ದಿನಾ ಹೊಟ್ಟೆಗೆ ಸೇರಬೇಕು. ಮೈ ತುಂಬಬೇಕಾದ್ದರಿಂದ ನಾನು 7 ಕೆಜಿ ಹಿಡಿದೆ.

ರಾಗಿ ಹುಲ್ಲು ಪೂರ್ತಿ ನಿಲ್ಲಿಸಿದೆ. ಅದರ ಜಾಗಕ್ಕೆ ಕುದುರೆ ಮಸಾಲೆ ಸೊಪ್ಪಿನ (ಲೂಸರ್ನ್ ಅಂತಾರಲ್ಲ, ಆ ಮೇವು) ಪೆಲೆಟ್ಟು, ಅಂದರೆ ಒಣಗಿಸಿ ಒತ್ತಿದ ಗಟ್ಟಿ ಗುಳಿಗೆ, ದಿನಕ್ಕೆ 4 ಕೆಜಿ. ಕುದುರೆಗೆಂದೇ ಮಾಡಿದ ಪೆಲೆಟ್ಟು 2 ಕೆಜಿ. ಬೂಸ ಅರ್ಧ ಕೆಜಿ, ಹುರುಳಿ ಅರ್ಧ ಕೆಜಿ. ಹುರುಳಿಯನ್ನು ಬೆರಳಲ್ಲಿ ಒತ್ತಿದರೆ ಹಿಟ್ಟಾಗುವಷ್ಟು ಬೇಯಿಸಬೇಕು, ಸುಮ್ನೆ ನೆನೆಸಿದರೆ ಸಾಲದು. ಬೂಸ ಅಗ್ಗ ಅಂತ ಅದನ್ನೇ ಸುರಿಯುವುದು ತಪ್ಪು. ಅದರಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ, ಸುಣ್ಣದ ಅಂಶ (ಕ್ಯಾಲ್ಸಿಯಂ) ತೀರಾ ಕಡಿಮೆ. ಅದೊಂದನ್ನೇ ತಿಂದರೆ ಮೂಳೆ ಸೊರಗುತ್ತದೆ. ಕುದುರೆ ಮಸಾಲೆಯಲ್ಲಿ ಸುಣ್ಣ ಬೇಕಾದಷ್ಟಿರುವುದರಿಂದ ಸರಿದೂಗುತ್ತದೆ. ಸ್ವಲ್ಪ ಉಪ್ಪು, ಮೊದಲು ಒಂದೆರಡು ಚಮಚದಿಂದ ಶುರುಮಾಡಿ ಈಗ ಅರ್ಧ ಲೋಟ ಎಣ್ಣೆ. ಬೆಲ್ಲ ಬೇಡ. ಬಂದವರೆಲ್ಲ ಪ್ರೀತಿಗೆ ಬೆಲ್ಲ ಕೊಡಲು ಬರುತ್ತಾರೆ, ವಯಸ್ಸಾದ ಕುದುರೆಗೆ ಅದು ಗೊರಸಿಗೇ ಏಟು ಕೊಡಬಹುದು.

ಹಳೇ ಮೇವಿನಿಂದ ಹೊಸದಕ್ಕೆ ಬರಲು ಎರಡು ವಾರ ತೆಗೆದುಕೊಂಡೆ. ಪೆಲೆಟ್ಟನ್ನು ನೆನೆಸಿಯೇ ಕೊಡಬೇಕು, ಒಂದು ಪಾಲಿಗೆ ಮೂರು ಪಾಲು ನೀರು. ಬಿಸಿನೀರಾದರೆ ಅರ್ಧ ಗಂಟೆ, ನಮ್ಮ ಕಡೆಯ ಡಿಸೆಂಬರ್ ಚಳಿಯಲ್ಲಿ ತಣ್ಣೀರಾದರೆ ಒಂದೂವರೆ ಗಂಟೆಯೂ ಬೇಕು. ಗಟ್ಟಿ ಪಾಯಸದ ಹದಕ್ಕೆ ಬರಬೇಕು. ರಾತ್ರಿಯೇ ನೆನೆಸಿಟ್ಟರೆ ಸುಲಭ ಅಂತ ಬೇಸಿಗೆಯಲ್ಲಿ ಒಮ್ಮೆ ಮಾಡಿದೆ. ಬೆಳಗ್ಗೆ ಹುಳಿ ವಾಸನೆ. ಎಲ್ಲ ಗೊಬ್ಬರದ ಗುಂಡಿಗೆ ಹೋಯಿತು. ಕುದುರೆಯ ಜಠರ ಮೈಗೆ ಹೋಲಿಸಿದರೆ ತುಂಬಾ ಚಿಕ್ಕದು, ಒಂದೇ ಸಲ ಸುರಿಯುವಂತಿಲ್ಲ. ಆದ್ದರಿಂದ ದಿನಕ್ಕೆ ಐದು ಹೊತ್ತು, ಕೊನೆಯದು ರಾತ್ರಿ ಹತ್ತಕ್ಕೆ. ಹಸುಗಳಿಂದ ದೂರ ಕಟ್ಟಬೇಕು, ಇಲ್ಲದಿದ್ದರೆ ಇದು ನಿಧಾನಕ್ಕೆ ತಿನ್ನುವಷ್ಟರಲ್ಲಿ ಅವು ಮುಗಿಸಿಬಿಡುತ್ತವೆ. ಮುಂದಿನ ಹಲ್ಲು ಇನ್ನೂ ಗಟ್ಟಿ ಇವೆ, ಹಾಗಾಗಿ ಮಳೆಗಾಲದಲ್ಲಿ ಬದುವಿನ ಎಳೆ ಹುಲ್ಲು ಮೇಯಲು ಬಿಡುತ್ತೇನೆ.

ಒಂದೇ ಒಂದು ಸಲ ಎಡವಿದೆ. ಆನೇಕಲ್ಲಿನಲ್ಲಿ ನೆಂಟರ ಮದುವೆ, ಹೊರಡುವ ಆತುರ. ಪೆಲೆಟ್ಟನ್ನು ಒಣಗಿದ್ದ ಹಾಗೇ ಸುರಿದೆ. ಬೂಟು ಹಾಕಿಕೊಂಡು ಬರುವಷ್ಟರಲ್ಲಿ ಕೆಂಪಿ ಕತ್ತು ಚಾಚಿ ಕೆಮ್ಮುತ್ತಿದೆ, ಮೂಗಿನಿಂದ ಹಸಿರು ನೊರೆ. ಪಕ್ಕದ ತೋಟದ ತಾತ ಎಣ್ಣೆ ಹುಯ್ಯೋಣ ಅಂತ ಓಡಿ ಬಂದರು. ಡಾಕ್ಟರು ಫೋನಿನಲ್ಲೇ ಕಿರುಚಿದರು: "ಬಾಯಿಗೆ ಏನೂ ಹಾಕಬೇಡಿ! ಮೇವು, ನೀರು ಎಲ್ಲ ತೆಗೀರಿ, ತಲೆ ತಗ್ಗಿಸಿ ಹಿಡೀರಿ." ಕಟ್ಟಿಕೊಂಡಿರುವುದು ಅನ್ನನಾಳ, ಉಸಿರಾಟದ ನಾಳ ಅಲ್ಲ. ಅದು ಮುಚ್ಚಿರುವಾಗ ಸುರಿದದ್ದು ದಾರಿ ತಪ್ಪಿ ಪುಪ್ಪುಸಕ್ಕೆ ಇಳಿದರೆ ಕತೆ ಮುಗಿಯಿತು. ಅವರು ಬಂದು ಮೂಗಿನಿಂದ ಕೊಳವೆ ಇಳಿಸಿ ನೀರಾಡಿಸಿ ಬಿಡಿಸುವಷ್ಟರಲ್ಲಿ ಮಧ್ಯಾಹ್ನ. ಮದುವೆಗೆ ಹೋಗಲಿಲ್ಲ. ಮನೆಯವಳು ಆ ರೇಷ್ಮೆ ಸೀರೆಯಲ್ಲೇ ಕೊಟ್ಟಿಗೆ ತೊಳೆದಳು, ಒಂದು ಮಾತೂ ಆಡದೆ. ಅದೇ ಜಾಸ್ತಿ ನೋವಾಯಿತು.

ಐದು ತಿಂಗಳಿಗೆ ಸುತ್ತಳತೆ 172ಕ್ಕೆ ಬಂತು. ಲೆಕ್ಕ ಹಾಕಿದರೆ ಸುಮಾರು 30 ಕೆಜಿ ಹೆಚ್ಚು. ಲದ್ದಿಯಲ್ಲಿ ಇಡೀ ಕಾಳು ಕಾಣುವುದಿಲ್ಲ. ಖರ್ಚು ಎರಡು ಹಸುವಿನಷ್ಟಾಗುತ್ತದೆ, ಹಾಲು ಸೊನ್ನೆ. "ಏನಪ್ಪಾ, ಇದಕ್ಕೆ ಸುರಿಯೋ ದುಡ್ಡಲ್ಲಿ ಇನ್ನೊಂದು ಹಸು ಕಟ್ಟಬಹುದಿತ್ತಲ್ಲ" ಅಂತ ತಾತ ಈಗಲೂ ಅನ್ನುತ್ತಾರೆ. ಆದರೆ ಸಂಜೆ ಬೀಡಿ ಆರಿಸಿ ಬಂದು, ಬಕೆಟ್ಟಿಗೆ ಕೈ ಹಾಕಿ, ಒಂದು ಪೆಲೆಟ್ಟು ಹಿಸುಕಿ ನೋಡುತ್ತಾರೆ. "ಇನ್ನೂ ಗಟ್ಟಿ ಇದೆ ಕಣಪ್ಪಾ. ಹತ್ತು ನಿಮಿಷ ಬಿಡು."