ತೆಳು ಎಳೆಗಳ ಮಣಿಸರ

ಮಣಿಸರ ಮಾಡಲು ಕೂತವರೆಲ್ಲ ಮೊದಲು ಮಣಿ ಆರಿಸುತ್ತಾರೆ. ನಾನು ಮೊದಲು ದಾರ ನೋಡುತ್ತೇನೆ. ಹೊಲಿಗೆ ದಾರದಲ್ಲಿ ಪೋಣಿಸಿದ್ದ ನನ್ನ ಮೊದಲ ಸರ ಮೆಟ್ಟಿಲಿಳಿಯುವಾಗ ಪಟ್ಟಂತ ಕಿತ್ತುಹೋಗಿತ್ತು. ವಾರ ಕಳೆದರೂ ಗುಡಿಸುವಾಗ ಮೂಲೆಯಿಂದ ಒಂದೊಂದು ಮಣಿ ಬರುತ್ತಲೇ ಇತ್ತು!

ಸಣ್ಣ ಗಾಜಿನ ಮಣಿಗೆ, ಮಣಿ ಪೋಣಿಸಲೆಂದೇ ಸಿಗುವ ನೈಲಾನ್ ದಾರ ಸಾಕು. ಹರಳು ಮತ್ತು ಲೋಹದ ಮಣಿಯ ತೂತಿನ ಅಂಚು ಚೂಪಾಗಿರುತ್ತದೆ, ದಾರವನ್ನು ದಿನಾ ಚೂರು ಚೂರೇ ಕೊಯ್ಯುತ್ತದೆ. ಅದಕ್ಕೆ ನೈಲಾನ್ ಹೊದಿಕೆಯ ಸ್ಟೀಲ್ ತಂತಿ ಬೇಕು. ಗಾಳದ ದಾರ ಗಟ್ಟಿ ಅಂತ ಕೆಲವರು ಅದನ್ನೇ ಹಾಕುತ್ತಾರೆ. ನನಗೆ ಹಿಡಿಸಲ್ಲ. ಬರ್ತಾ ಬರ್ತಾ ಪೆಡಸಾಗುತ್ತದೆ, ಕತ್ತಿನ ಮೇಲೆ ಮೆತ್ತಗೆ ಕೂರುವುದಿಲ್ಲ.

ಸಣ್ಣ ಮಣಿಯ ನಂಬರ್ ಉಲ್ಟಾ ಲೆಕ್ಕ. ನಂಬರ್ ಜಾಸ್ತಿಯಾದಷ್ಟೂ ಮಣಿ ಚಿಕ್ಕದು. 11ನೇ ನಂಬರ್ ಸುಮಾರು 2 ಮಿಲಿಮೀಟರ್ ದಪ್ಪ, 8ನೇ ನಂಬರ್ ಸುಮಾರು 3. ನಾಜೂಕಾಗಿ ಕಾಣಬೇಕಾದರೆ 11 ತಗೊಳ್ಳಿ. ಒಂದೆಳೆಗೇ 300ರ ಹತ್ತಿರ ಮಣಿ ಹೋಗುತ್ತದೆ, ತಾಳ್ಮೆ ಇರಲಿ. ಟವಲ್ ಹಾಸಿ ಅದರ ಮೇಲೆ ಸುರಿದುಕೊಂಡರೆ ಉರುಳುವುದಿಲ್ಲ. ಸೂಜಿ ತೂರದಿದ್ದರೆ ದಾರದ ತುದಿಗೆ ನೇಲ್ ಪಾಲಿಶ್ ಹಚ್ಚಿ ಒಣಗಿಸಿ, ತುದಿಯೇ ಸೂಜಿಯಾಗುತ್ತದೆ.

ಇನ್ನು ಎಳೆಗಳ ಅಳತೆ. ಅಂದ ಕೆಡುವುದು ಹೆಚ್ಚಾಗಿ ಇಲ್ಲೇ. ಮೂರೆಳೆ ಅಂದರೆ ಮೂರೂ ಒಂದೇ ಉದ್ದ ಮಾಡಿಬಿಟ್ಟರೆ ಕತ್ತಿನಲ್ಲಿ ಹಗ್ಗದಂತೆ ಹೊಸೆದುಕೊಳ್ಳುತ್ತವೆ. ಮೇಲಿನದು 40 ಸೆಂಟಿಮೀಟರ್ ಇದ್ದರೆ ನಡುವಿನದು 45, ಕೆಳಗಿನದು 50 ಇರಲಿ. ಎಲ್ಲರ ಕತ್ತೂ ಒಂದೇ ಥರ ಅಲ್ವಲ್ಲ, ಅದಕ್ಕೇ ಬರೀ ದಾರವನ್ನು ಕತ್ತಿಗೆ ಸುತ್ತಿ ಕನ್ನಡಿ ಮುಂದೆ ನೋಡಿಕೊಂಡೇ ಕತ್ತರಿಸಿ. ಕೊಂಡಿ, ರಿಂಗುಗಳೇ 2–3 ಸೆಂಟಿಮೀಟರ್ ತಿನ್ನುತ್ತವೆ, ಪೋಣಿಸುವಾಗ ಅಷ್ಟು ಕಮ್ಮಿ ಮಾಡಿ. ಆದರೆ ದಾರ ಮಾತ್ರ ಎರಡೂ ಕಡೆ 10 ಸೆಂಟಿಮೀಟರ್ ಉಳಿಯಬೇಕು. ಅಲ್ಲಿ ಜಿಪುಣತನ ಮಾಡಿದರೆ ಕೊನೆಯಲ್ಲಿ ಬೆರಳಿಗೆ ಹಿಡಿತ ಸಿಗದೆ ಒದ್ದಾಡುತ್ತೀರಿ. ತೀರಾ ಸಣ್ಣ ಮಣಿ ಮೇಲಿನೆಳೆಗೆ, ಸ್ವಲ್ಪ ತೂಕದ್ದು ಕೆಳಗಿನೆಳೆಗೆ. ತೂಕವೇ ಅದನ್ನು ಕೆಳಗೆ ಎಳೆದು ಹಿಡಿಯುತ್ತದೆ, ಎಳೆಗಳು ಬೇರೆ ಬೇರೆ ಕಾಣುತ್ತವೆ.

ತಂತಿಯ ತುದಿ ಮುಗಿಸಲು ಗಂಟು ಬೇಡ, ಕ್ರಿಂಪ್ ಮಣಿ ಹಾಕಿ, ಅಂದರೆ ಒತ್ತಿದರೆ ಚಪ್ಪಟೆಯಾಗಿ ತಂತಿಯನ್ನು ಕಚ್ಚಿ ಹಿಡಿಯುವ ಪುಟ್ಟ ಲೋಹದ ಮಣಿ. ತಂತಿಯನ್ನು ಕ್ರಿಂಪ್ ಮಣಿಯೊಳಗೆ ತೂರಿಸಿ, ಕೊಂಡಿಯ ರಿಂಗು ದಾಟಿಸಿ, ಮತ್ತೆ ಅದೇ ಕ್ರಿಂಪ್ ಮಣಿಯೊಳಗಿಂದ ವಾಪಸ್ ತನ್ನಿ. ಮಿಕ್ಕ ತುದಿಯನ್ನು ಪಕ್ಕದ ನಾಲ್ಕೈದು ಮಣಿಗಳೊಳಗೆ ನುಗ್ಗಿಸಿ. ಆಮೇಲೆ ಚಪ್ಪಟೆ ಇಕ್ಕಳದಿಂದ ಕ್ರಿಂಪ್ ಒತ್ತಿ. ಒಂದು ಸಲ ಎಳೆದು ನೋಡಿ. ಜಾರಲಿಲ್ಲ ಅಂದರೆ ಮಾತ್ರ ತುದಿ ಕತ್ತರಿಸಿ.

ಎರಡನೇ ತುದಿ ಒತ್ತುವ ಮುಂಚೆ ಸರವನ್ನು ಕತ್ತಿನ ಆಕಾರಕ್ಕೆ ಬಗ್ಗಿಸಿ ಹಿಡಿಯಿರಿ. ಮೇಜಿನ ಮೇಲೆ ನೇರವಾಗಿ ಇಟ್ಟು ಬಿಗಿ ಮಾಡಿದ ಸರ ಬಗ್ಗಿಸಿದಾಗ ಕೋಲಿನಂತೆ ಸೆಟೆದು ನಿಲ್ಲುತ್ತದೆ. ಮಣಿಗಳ ನಡುವೆ ಎಲ್ಲಾದರೂ 1–2 ಮಿಲಿಮೀಟರ್ ದಾರ ಕಂಡರೆ ಸರಿಯಾಗಿದೆ ಅಂತ ಅರ್ಥ. ಅದಕ್ಕಿಂತ ಜಾಸ್ತಿ ಸಡಿಲ ಬಿಟ್ಟರೆ ಚೆಂದ ಕಾಣಲ್ಲ.

ಮೂರೂ ಎಳೆಯನ್ನು ಒಂದೇ ರಿಂಗಿಗೆ ಸೇರಿಸಬಹುದು. ರಿಂಗು ಬಿಚ್ಚುವಾಗ ಎರಡು ತುದಿಗಳನ್ನು ಅಗಲಿಸಬೇಡಿ. ಒಂದನ್ನು ನಿಮ್ಮ ಕಡೆ, ಇನ್ನೊಂದನ್ನು ಆ ಕಡೆ ತಿರುಗಿಸಿ, ಹಾಗೇ ವಾಪಸ್ ತಿರುಗಿಸಿ ಮುಚ್ಚಿ. ಅಗಲಿಸಿದ ರಿಂಗು ಮತ್ತೆ ಗುಂಡಗಾಗುವುದೇ ಇಲ್ಲ, ಆ ಸಂದಿಯಿಂದ ತೆಳು ತಂತಿ ಸುಮ್ನೆ ಜಾರಿಹೋಗುತ್ತದೆ.

ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಅವು ಮಲಗಿದ ಮೇಲೆ ಈ ಕೆಲಸಕ್ಕೆ ಕೂರಿ, ಮಣಿ ನೇರ ಬಾಯಿಗೇ ಹೋಗುತ್ತದೆ. ಸೆಂಟು, ಕ್ರೀಮು ಹಚ್ಚಿ ಅದು ಒಣಗಿದ ಮೇಲೇ ಸರ ಹಾಕಿಕೊಳ್ಳಿ. ತೆಗೆದ ಮೇಲೆ ಮೆತ್ತನೆ ಬಟ್ಟೆಯಲ್ಲಿ ಬೆವರು ಒರೆಸಿ, ಜಿಪ್ ಕವರಿನಲ್ಲಿ ಹಾಕಿ, ಕೊಂಡಿಯಷ್ಟನ್ನು ಹೊರಗೆ ಬಿಟ್ಟು ಮುಚ್ಚಿ. ಎಳೆ ಸಿಕ್ಕಾಗುವುದಿಲ್ಲ.