ಹಚ್ಚೆ ಮುಚ್ಚಿದ ಮೇಲೆ ಕನ್ನಡಿ ಕೆಲಸ ಮಾಡಿತು

"ಇದು ಬ್ಲಾಕ್ (ನರಕ್ಕೆ ಮರಗಟ್ಟಿಸುವ ಸೂಜಿ) ಹಾಕುವ ಕೇಸು, ನಿಮ್ಮ ಕನ್ನಡಿ ಆಟಕ್ಕೆ ಬಗ್ಗಲ್ಲ" ಎಂದು ಮೂಳೆ ಡಾಕ್ಟರೊಬ್ಬರು ಫಿಸಿಯೋಥೆರಪಿ ಮಾಡುವ ನನ್ನೆದುರೇ ನಕ್ಕಿದ್ದರು. ಆ ಅಮ್ಮ ಈಗ ದಿನಕ್ಕೆ 60 ಜೋಳದ ರೊಟ್ಟಿ ಬಡಿಯುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ರಾಣೆಬೆನ್ನೂರು ಕಡೆಯ ಖಾನಾವಳಿಯ ಅಮ್ಮ. ಬಲಗೈಗೆ ಕೋಲೀಸ್ ಫ್ರಾಕ್ಚರ್ (ಮಣಿಕಟ್ಟಿನ ಹತ್ತಿರ ಮೂಳೆ ಮುರಿತ), ಆರು ವಾರ ಪ್ಲಾಸ್ಟರ್. ಬಿಚ್ಚಿದ ಮೇಲೆ ಊತ, ಬೆವರು, ಮಿರಿಮಿರಿ ಮಿಂಚುವ ಚರ್ಮ. ಸೆರಗು ತಾಗಿದರೂ ಕಿರುಚುತ್ತಿದ್ದರು. ಲಕ್ಷಣಗಳ ಬುಡಾಪೆಸ್ಟ್ ಪಟ್ಟಿಗೆ ಪೂರ್ತಿ ಹೊಂದುವ, ಪೆಟ್ಟು ಮಾಗಿದ ಮೇಲೂ ನೋವು-ಊತ ಬಿಡದ ಕಾಯಿಲೆ, ಸಿಆರ್‌ಪಿಎಸ್. ನನ್ನ ಹತ್ತಿರ ಬರುವಾಗ ಏಳೆಂಟು ತಿಂಗಳಾಗಿತ್ತು.

ಅದಕ್ಕೂ ಮೊದಲು ನಾನು ಎರಡು ಸಲ ಸೋತಿದ್ದೆ. ಒಬ್ಬರಿಗೆ ಜೋರಾಗಿ ಪ್ಯಾಸಿವ್ ಸ್ಟ್ರೆಚ್ (ನಾನೇ ಹಿಡಿದು ಎಳೆದು ಬಗ್ಗಿಸುವುದು) ಕೊಟ್ಟೆ. ಕೈ ಇನ್ನೂ ಊದಿತು. ಮುಂಗಡದಲ್ಲಿ ಸುಮಾರು 2,400 ರೂಪಾಯಿ ವಾಪಸ್ ಕೊಟ್ಟೆ. ಅವರ ಓಣಿಯಿಂದ ಆಮೇಲೆ ಒಬ್ಬ ಪೇಷಂಟೂ ಬರಲಿಲ್ಲ. ಇನ್ನೊಬ್ಬರಿಗೆ ಸೀದಾ ಕನ್ನಡಿ ಇಟ್ಟೆ: ನೋಯುವ ಕೈ ಕನ್ನಡಿಯ ಹಿಂದೆ, ಅದರ ಜಾಗದಲ್ಲಿ ಸರಿ ಇರುವ ಕೈಯ ಬಿಂಬ. ಐದೇ ನಿಮಿಷಕ್ಕೆ ಹೊಟ್ಟೆ ತೊಳಸಿ ಎದ್ದು ಹೋದರು. ಸರಿಯಾದ ಕ್ರಮ ಬೇರೆ: ಮೊದಲು ಚಿತ್ರದ ಕೈ ಎಡವೋ ಬಲವೋ ಗುರುತಿಸುವುದು, ಆಮೇಲೆ ಮನಸ್ಸಲ್ಲೇ ಕೈ ಆಡಿಸುವುದು, ಕೊನೆಗೆ ಕನ್ನಡಿ, ತಲಾ ಎರಡು ವಾರ. ನೋವಿನ ಸಂಶೋಧಕ ಮೋಸ್ಲಿ 2004ರಲ್ಲೇ ಈ ಕ್ರಮ ಹೇಳಿದ್ದರು. ನಾನೂ ಓದಿದ್ದೆ. ಮೊದಲೆರಡು ಹಂತ ಸುಮ್ನೆ ಟೈಂಪಾಸ್ ಅಂದುಕೊಂಡು ಹಾರಿಸಿದ್ದೆ.

ಈ ಸಲ ಹಾರಿಸಲಿಲ್ಲ. ಎಡ-ಬಲ ಗುರುತಿಸುವ ಆ್ಯಪ್‌ಗೆ ದುಡ್ಡು ಕೊಡಲು ಮನಸ್ಸಾಗದೆ ಕ್ಲಿನಿಕ್ಕಿನ ಹುಡುಗಿಯರ ಕೈ ಫೋಟೋ ತೆಗೆದು 48 ಕಾರ್ಡ್ ಮಾಡಿಸಿದೆ. 600ರ ಹತ್ತಿರ ಬಿತ್ತು. ಮೊದಲ ದಿನವೇ ಅಮ್ಮ ನೂರಕ್ಕೆ 95 ಸರಿ ಹೇಳಿದರು. ಹಿಗ್ಗಿಬಿಟ್ಟೆ. ನೋಡಿದರೆ, ವಾಚ್ ಕಂಡ ಕೈಯೆಲ್ಲ ಎಡ ಅಂತಿದ್ದರು! ವಾಚು, ಬಳೆ ಬಿಚ್ಚಿಸಿ ಮತ್ತೆ ಪ್ರಿಂಟು, ಮತ್ತೆ 600. ಈಗ 60ಕ್ಕೆ ಇಳಿಯಿತು. 80 ದಾಟಿ, ಕಾರ್ಡಿಗೆ ಎರಡು ಸೆಕೆಂಡಿನ ಲೆಕ್ಕಕ್ಕೆ ಬರಲು ಮೂರು ವಾರ ಹಿಡಿಯಿತು.

ನಡುವೆ ಒಂದು ಚಪಲ. ಮುಟ್ಟಿದರೆ ಉರಿಯುವುದಕ್ಕೆ ಅಕ್ಕಿ, ರಾಗಿ, ಜೋಳ ಮೂರನ್ನೂ ಬೋಗುಣಿಗೆ ಹಾಕಿ ಕೈ ಇಡಿಸಿದೆ. ಅಕ್ಕಿಯ ತುದಿ ಚುಚ್ಚುತ್ತದೆ. ಗೆದ್ದದ್ದು ರಾಗಿ. ಬಿಸಿ-ತಣ್ಣೀರಿನ ಅದ್ದಾಟ ನಾಲ್ಕೇ ದಿನಕ್ಕೆ ಬಿಟ್ಟೆ, ಊತ ಜಾಸ್ತಿ ಆಯಿತು.

ಕನ್ನಡಿಯಲ್ಲೂ ಕೈ ಸುಟ್ಟುಕೊಂಡೆ. 150ರ ತೆಳು ಕನ್ನಡಿಯಲ್ಲಿ ಬೆರಳು ಅಲೆಅಲೆಯಾಗಿ ಕಂಡು ಅಮ್ಮ ಹೆದರಿದರು. 450 ಕೊಟ್ಟು 5 ಎಂಎಂದು ತಂದೆ. ಆಗಲೂ "ಇದು ನನ್ ಕೈ ಅಲ್ಲ ಬಿಡ್ರಿ" ಅಂದರು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಕಣ್ಣಿಗೆ ಬಿತ್ತು. ಅವರ ಎಡ ಮುಂಗೈ ಮೇಲೆ ಹಳೇ ಹಚ್ಚೆ. ಬಲಗೈಗೆ ಹಚ್ಚೆಯೇ ಇಲ್ಲ, ಕನ್ನಡಿಯೊಳಗಿನ ಬಲಗೈಗೆ ಇದೆ! ಮೈಬಣ್ಣದ ಟೇಪ್ ಸುತ್ತಿದೆ. "ಹಾಂ, ಈಗ ನಂದು" ಅಂದರು. ಇದನ್ನು ನನಗೆ ಯಾವ ಕಾರ್ಯಾಗಾರದಲ್ಲೂ ಯಾರೂ ಹೇಳಿರಲಿಲ್ಲ.

ಆಮೇಲೆ ಭಾರ ಹಾಕುವುದು. ಕೈ ಚಿಕಿತ್ಸಕರಾದ ವಾಟ್ಸನ್, ಕಾರ್ಲ್‌ಸನ್ 1987ರಲ್ಲಿ ಬರೆದ ಉಜ್ಜು-ಹೊರು ಪದ್ಧತಿಯೇ: ನೋಯುವ ಕೈಯಲ್ಲೇ ಬ್ರಷ್ ಒತ್ತಿ ಉಜ್ಜುವುದು, ತೂಕ ಹೊರುವುದು. ಬ್ರಷ್ ಬದಲು ಹಿಟ್ಟು ನಾದಿಸಿದೆ, ಅಷ್ಟೇ. ಮನೆಯ ತೂಕದ ಯಂತ್ರದ ಮೇಲೆ ಅಂಗೈ ಒತ್ತಿಸಿ ಲೆಕ್ಕ ಇಟ್ಟೆ. ಮೊದಲ ದಿನ ಒಂದು ಕೆಜಿಗೇ ಕಣ್ಣೀರು, ಎರಡು ತಿಂಗಳಿಗೆ 12 ಕೆಜಿ. ನೋವು ಎಲ್ಲಿಗೆ ಬಂದಾಗ ನಿಲ್ಲಿಸುತ್ತೇನೆ, ಅದನ್ನು ಹೇಗೆ ಹಿಡಿಯುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ನನಗೂ ಹೊಟ್ಟೆಪಾಡು ಇದೆ ಅಲ್ವಾ?

ಒಟ್ಟು 38 ಸಿಟ್ಟಿಂಗ್ ಇರಬೇಕು, ತಲಾ 250. ಕೊನೆಯ ಸಾವಿರ ರೂಪಾಯಿ ರೊಟ್ಟಿಯಲ್ಲೇ ತೀರಿತು. ನಕ್ಕಿದ್ದ ಡಾಕ್ಟರು ಹೋದ ತಿಂಗಳು ಇಂಥದೇ ಒಂದು ಕೇಸು ಕಳಿಸಿದರು, ಚೀಟಿಯಲ್ಲಿ ಕನ್ನಡಿಯ ಮಾತಿಲ್ಲ. ಅಮ್ಮನ ಕಿರುಬೆರಳು ಅಂಗೈ ಮುಟ್ಟಲು ಇನ್ನೂ ಒಂದು ಸೆಂಟಿಮೀಟರ್ ಬಾಕಿ. ಚಳಿ ಜಾಸ್ತಿ ಇದ್ದ ದಿನ ಮೊದಲ ಹತ್ತು ರೊಟ್ಟಿಗೆ ಮಗಳು ಕೂರುತ್ತಾಳೆ.