ಟಾರ್ನೀಟ್ ಕಡೆ ಮನೆ ಮಾಡೋ ಹೊಸ ಕುಟುಂಬಗಳಿಗೆ: ಬಾಡಿಗೆ ಒಂದೇ ನೋಡ್ಬೇಡಿ

ಮೆಲ್ಬರ್ನ್‌ಗೆ ಹೊಸದಾಗಿ ಬರೋ ಕನ್ನಡ ಕುಟುಂಬಗಳಲ್ಲಿ ಚಿಕ್ಕ ಮಕ್ಕಳಿರೋರು ಸುಮಾರು ಜನ ಮನೆ ಹುಡುಕೋಕೆ ಶುರು ಮಾಡಿದ ಸ್ವಲ್ಪ ದಿನಕ್ಕೇ ಪಶ್ಚಿಮದ ಕಡೆ ತಿರುಗ್ತಾರೆ. ಟಾರ್ನೀಟ್, ಟ್ರುಗನೈನಾ, ಹಾಪರ್ಸ್ ಕ್ರಾಸಿಂಗ್, ವಿಂಡಮ್ ವೇಲ್, ವೆರಿಬೀ, ಇವೆಲ್ಲ ವಿಂಡಮ್ ಕೌನ್ಸಿಲ್‌ಗೆ ಸೇರಿದ ಏರಿಯಾಗಳು, ಸಿಟಿಯಿಂದ ಸುಮಾರು 25-30 ಕಿಲೋಮೀಟರ್. ಸಿಟಿ ಹತ್ರ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟಿಗೆ ಕೊಡೋ ದುಡ್ಡಲ್ಲಿ ಇಲ್ಲಿ ಮೂರು ನಾಲ್ಕು ಬೆಡ್‌ರೂಮಿನ ಮನೆ, ಹಿಂದೆ ಒಂಚೂರು ಹಿತ್ತಲು, ಕಾರಿಗೆ ಗರಾಜು ಎಲ್ಲ ಸಿಗುತ್ತೆ, ರಸ್ತೇಲಿ ನಮ್ಮೋರೂ ಸಿಗ್ತಾರೆ. 2021ರ ಜನಗಣತಿ ಹೊತ್ತಿಗೇ ಟಾರ್ನೀಟ್ ಒಂದರಲ್ಲೇ 56 ಸಾವಿರ ಜನ ಇದ್ರು, ಆಮೇಲೆ ಇನ್ನೂ ಬೆಳೀತಾನೇ ಇದೆ.

ನಮ್ಮ ಕನ್ನಡ ಸಂಘಕ್ಕೆ ಫೋನ್ ಮಾಡೋರು ಮೊದಲು ಕೇಳೋದು "ಅಲ್ಲಿ ವಾರಕ್ಕೆ ಬಾಡಿಗೆ ಎಷ್ಟು ಸರ್" ಅಂತ. ನಾವು ತಿರುಗಿ ಕೇಳೋದು ಒಂದೇ ಪ್ರಶ್ನೆ. ಬೆಳಗ್ಗೆ ಒಬ್ಬರು ಕಾರ್ ತಗೊಂಡು ಕೆಲಸಕ್ಕೆ ಹೊರಟ ಮೇಲೆ, ಮಗು ಜೊತೆ ಮನೇಲಿ ಉಳಿಯೋರು ಆ ದಿನ ಎಲ್ಲೆಲ್ಲಿಗೆ ನಡ್ಕೊಂಡು ಹೋಗಬಹುದು? ಬಹಳಷ್ಟು ಮನೆಗಳಲ್ಲಿ ಹಾಗೆ ಉಳಿಯೋರು ಹೆಂಡತಿ, ಊರಲ್ಲಿ ಕೆಲಸ ಮಾಡ್ತಿದ್ದೋರು, ಅಮ್ಮನೋ ಅತ್ತೆನೋ ಹತ್ರ ಇದ್ದೋರು, ಇಲ್ಲಿ ಬಂದು ಲೈಸೆನ್ಸೂ ಇಲ್ಲ, ಬಸ್ ಯಾವಾಗ ಬರುತ್ತೋ ಗೊತ್ತಿಲ್ಲ, ಹೊಸ ಎಸ್ಟೇಟಲ್ಲಿ, ಅಂದ್ರೆ ಹೊಸ ಬಡಾವಣೇಲಿ, ಪಕ್ಕದ ಮನೆ ಇನ್ನೂ ಕಟ್ತಾ ಇರ್ತಾರೆ, ಮಾತಾಡೋಕೆ ಒಬ್ಬರೂ ಇರಲ್ಲ. ವಾರಕ್ಕೆ ನಲವತ್ತು ಐವತ್ತು ಡಾಲರ್ ಉಳಿಸೋಕೆ ಹೋಗಿ ಇನ್ನೂ ಎರಡು ಮೂರು ಕಿಲೋಮೀಟರ್ ಒಳಗಡೆ ಮನೆ ಮಾಡಿದ್ರೆ ಆ ಉಳಿತಾಯದ ಬೆಲೆಯನ್ನ ತೆರೋದು ಅವರು. ಅದಕ್ಕೇ ಮನೆ ನೋಡೋಕೆ ಹೋದಾಗ ಇಬ್ಬರೂ ಹೋಗಿ, ಮಗೂನ ಪ್ರ್ಯಾಮಲ್ಲಿ ಕೂರಿಸ್ಕೊಂಡು ಅಲ್ಲಿಂದ ಹತ್ತಿರದ ಅಂಗಡಿ, ಪಾರ್ಕು, ಸ್ಕೂಲು, ಬಸ್ ಸ್ಟಾಪಿಗೆ ನಡೆದು ನೋಡಿ. ಎಷ್ಟೋ ಕಡೆ ಫುಟ್‌ಪಾತ್ ಎಸ್ಟೇಟಿನ ತುದೀಲಿ ದಿಢೀರ್ ಅಂತ ಮುಗಿದುಹೋಗುತ್ತೆ, ಆಮೇಲೆ ಬರೀ ಹುಲ್ಲು, ಜಲ್ಲಿ, ಎಂಬತ್ತರ ಸ್ಪೀಡಲ್ಲಿ ಹೋಗೋ ಲಾರಿಗಳು. ಕಾರಲ್ಲಿ ಹೋಗಿ ನೋಡಿದ್ರೆ ಇದು ಗೊತ್ತೇ ಆಗಲ್ಲ. ಈ ಕಡೆ ಬಯಲು ಪ್ರದೇಶ, ಗಿಡಮರ ಇನ್ನೂ ಎದ್ದಿಲ್ಲ, ಗಾಳಿ ಜೋರು, ಬೇಸಿಗೇಲಿ ನೆರಳೇ ಇಲ್ಲ, ಹಾಗಾಗಿ ಮ್ಯಾಪಲ್ಲಿ ಹದಿನೈದು ನಿಮಿಷ ಅಂತ ತೋರಿಸಿದ್ರೂ ಮಗು ಇಟ್ಕೊಂಡು ನಡೆಯೋರಿಗೆ ಅದು ಬೇರೆ ಥರಾನೇ ಇರುತ್ತೆ.

ಇನ್ನೊಂದು, ಬಿಲ್ಡರ್‌ಗಳ ಬ್ರೋಶರ್ ಮ್ಯಾಪಲ್ಲಿ ಸ್ಕೂಲು, ಶಾಪಿಂಗ್ ಸೆಂಟರು, ರೈಲ್ವೆ ಸ್ಟೇಷನ್ನು ಎಲ್ಲ ಬಣ್ಣಬಣ್ಣವಾಗಿ ಹಾಕಿರ್ತಾರೆ, ಕೆಳಗೆ ಸಣ್ಣ ಅಕ್ಷರದಲ್ಲಿ "ಪ್ರಪೋಸ್ಡ್" ಅಂತ ಇರುತ್ತೆ. ಅದು ಬರೋ ಹೊತ್ತಿಗೆ ನಿಮ್ಮ ಮಗು ಹೈಸ್ಕೂಲ್ ಸೇರಿರಬಹುದು. ಇವತ್ತು ಏನಿದೆಯೋ ಅದನ್ನ ಮಾತ್ರ ಲೆಕ್ಕಕ್ಕೆ ತಗೊಳ್ಳಿ.

ರೈಲಿನ ವಿಷಯಕ್ಕೆ ಬಂದ್ರೆ, ಇಲ್ಲಿ ಎರಡು ಲೈನು ಇದೆ, ಹೊಸಬರು ಇದನ್ನ ಕನ್ಫ್ಯೂಸ್ ಮಾಡ್ಕೋತಾರೆ. ವೆರಿಬೀ, ಹಾಪರ್ಸ್ ಕ್ರಾಸಿಂಗ್, ವಿಲಿಯಮ್ಸ್ ಲ್ಯಾಂಡಿಂಗ್ ಇರೋದು ಮೆಟ್ರೋ ಲೈನಲ್ಲಿ, ಕರೆಂಟ್ ಟ್ರೇನು. ಟಾರ್ನೀಟ್, ವಿಂಡಮ್ ವೇಲ್ ಸ್ಟೇಷನ್‌ಗಳು 2015ರಲ್ಲಿ ಶುರುವಾದ ಬೇರೆ ಲೈನಲ್ಲಿವೆ, ಅಲ್ಲಿ ಓಡೋದು ಜೀಲಾಂಗ್ ಕಡೆಯಿಂದ ಬರೋ ವಿ-ಲೈನ್ ಡೀಸೆಲ್ ಟ್ರೇನು. ಟಾರ್ನೀಟಿಂದ ಸಿಟಿ ಸ್ಟೇಷನ್ ಸದರ್ನ್ ಕ್ರಾಸ್‌ಗೆ ಅರ್ಧ ಗಂಟೆ ಆಸುಪಾಸು, ಅದು ನಿಜವಾಗ್ಲೂ ಬೇಗ, ಆದ್ರೆ ಬೆಳಗಿನ ಟ್ರೇನು ಹಿಂದಿನ ಊರುಗಳಿಂದಲೇ ತುಂಬ್ಕೊಂಡು ಬರುತ್ತೆ, ಸ್ಟೇಷನ್ ಪಾರ್ಕಿಂಗೂ ಬೇಗ ಭರ್ತಿ ಆಗುತ್ತೆ. ಆಫೀಸಿಗೆ ದಿನಾ ಹೋಗಬೇಕಾದೋರು ಮನೆ ಒಪ್ಕೊಳ್ಳೋ ಮುಂಚೆ ಒಂದು ಮಂಗಳವಾರನೋ ಬುಧವಾರನೋ ಬೆಳಗ್ಗೆ ಏಳೂವರೆಗೆ ಆ ಪ್ಲಾಟ್‌ಫಾರಂ ಮೇಲೆ ನಿಂತು ನೋಡಿ, ಶನಿವಾರ ನೋಡಿದ್ರೆ ಏನೂ ಗೊತ್ತಾಗಲ್ಲ. ಕೆಲಸ ಸಿಟೀಲಿ ಇಲ್ದೆ ಆಗ್ನೇಯದ ಕಡೆ, ಅಂದ್ರೆ ಕ್ಲೇಟನ್, ಡ್ಯಾಂಡಿನಾಂಗ್ ಆ ಕಡೆ ಇದ್ರೆ ದಯವಿಟ್ಟು ಟಾರ್ನೀಟ್ ಬೇಡ, ದಿನಾ ವೆಸ್ಟ್ ಗೇಟ್ ಬ್ರಿಡ್ಜ್ ದಾಟಿ ಊರಿನ ಆ ತುದಿಗೆ ಹೋಗಿಬಂದ್ರೆ ಮಗು ಎದ್ದಿರೋದನ್ನ ನೋಡೋಕೆ ಸಿಗೋದು ವೀಕೆಂಡಲ್ಲಿ ಮಾತ್ರ. ಆ ಕಡೇನೇ ಕ್ರ್ಯಾನ್‌ಬರ್ನ್, ಪಾಕೆನಮ್ ಥರದ ಏರಿಯಾ ನೋಡಿ. ಮಕ್ಕಳಿಗೆ ಒಂದು ಒಳ್ಳೆ ಅನುಕೂಲ ಇದೆ, 2026ರ ಜನವರಿ 1ರಿಂದ ವಿಕ್ಟೋರಿಯಾದಲ್ಲಿ 18 ವರ್ಷದೊಳಗಿನೋರಿಗೆ ಬಸ್ಸು ರೈಲು ಟ್ರಾಮು ಫ್ರೀ, ಆದ್ರೆ ಯೂತ್ ಮೈಕಿ ಅನ್ನೋ ಪ್ರಯಾಣದ ಕಾರ್ಡ್ ಮಾಡಿಸಿ ಇಟ್ಕೊಳ್ಳಿ.

ಈಗ ಬಾಡಿಗೆ ಲೆಕ್ಕ. ಇಲ್ಲಿ ಬಾಡಿಗೆ ಹೇಳೋದು ವಾರಕ್ಕೆ, ಕಟ್ಟೋದು ತಿಂಗಳಿಗೆ, ಹಾಗಂತ ನಾಲ್ಕರಿಂದ ಗುಣಿಸಬೇಡಿ. ವಾರಕ್ಕೆ 500 ಅಂದ್ರೆ ತಿಂಗಳಿಗೆ 2,000 ಅಲ್ಲ, 2,170 ಡಾಲರ್ ಆಸುಪಾಸು ಬರುತ್ತೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಇಲ್ಲಿಲ್ಲ, ವಾರದ ಬಾಡಿಗೆ 900 ಡಾಲರ್ ಒಳಗಿದ್ರೆ ಬಾಂಡ್ ಅಂತ ಒಂದು ತಿಂಗಳದ್ದಕ್ಕಿಂತ ಜಾಸ್ತಿ ಕೇಳೋ ಹಾಗಿಲ್ಲ, ಆ ದುಡ್ಡು ಓನರ್ ಕೈಗೂ ಹೋಗಲ್ಲ, ಸರ್ಕಾರದ ಬಾಂಡ್ ಅಥಾರಿಟೀಲಿ ಇರುತ್ತೆ. ಮನೆ ನೋಡದೆ, ಕೀ ಸಿಗದೆ ಯಾರಾದ್ರೂ ಆನ್‌ಲೈನಲ್ಲಿ "ಬಾಂಡ್ ಕಳಿಸಿ ಮನೆ ಹಿಡಿದಿಡ್ತೀನಿ" ಅಂದ್ರೆ ಅದು ಮೋಸ ಅಂತಾನೇ ತಿಳ್ಕೊಳ್ಳಿ. ಹೊಸಬರಿಗೆ ಇಲ್ಲಿ ರೆಂಟಲ್ ಹಿಸ್ಟರಿ ಇರಲ್ಲ, ಅದಕ್ಕೆ ಆಫೀಸಿನ ಆಫರ್ ಲೆಟರು, ಬ್ಯಾಂಕ್ ಸ್ಟೇಟ್‌ಮೆಂಟು, ಊರಿನ ಮನೆ ಓನರ್ ಹತ್ರ ಇಂಗ್ಲಿಷಲ್ಲಿ ಬರೆಸಿಕೊಂಡ ಒಂದು ಪತ್ರ, ಇವನ್ನ ಒಂದೇ ಪಿಡಿಎಫ್ ಮಾಡಿ ರೆಡಿ ಇಟ್ಕೊಂಡು ಮನೆ ನೋಡೋ ಇನ್‌ಸ್ಪೆಕ್ಷನ್ ಮುಗಿದ ದಿನಾನೇ ಅಪ್ಲೈ ಮಾಡಿ.

ಕೀ ತಗೊಂಡ ದಿನ ಏಜೆಂಟ್ ಒಂದು ಕಂಡೀಷನ್ ರಿಪೋರ್ಟ್ ಕೊಡ್ತಾರೆ, ಅದನ್ನ ತುಂಬಿ ವಾಪಸ್ ಕೊಡೋಕೆ ಐದು ವರ್ಕಿಂಗ್ ಡೇ ಟೈಮು. ಸಾಮಾನು ಬಿಚ್ಚೋ ಗಡಿಬಿಡೀಲಿ ಇದನ್ನ ಬಿಡಬೇಡಿ. ಖಾಲಿ ಮನೇಲೇ ಒಂದೊಂದು ರೂಮಿಗೂ ಹೋಗಿ ಗೋಡೆ ಗೀರು, ಕಾರ್ಪೆಟ್ ಕಲೆ, ಓವನ್ ಒಳಗಡೆ, ಕಿಟಕಿ ಜಾಲರಿ, ಬ್ಲೈಂಡ್ಸು ಎಲ್ಲ ಫೋಟೋ ತೆಗೀರಿ, ರಿಪೋರ್ಟಲ್ಲಿ ಬರೀರಿ, ಇಮೇಲಲ್ಲೂ ಕಳಿಸಿ. ಮನೆ ಬಿಡೋವಾಗ ಬಾಂಡ್ ಪೂರ್ತಿ ವಾಪಸ್ ಬರೋದು ಇದರ ಮೇಲೇ ನಿಂತಿರುತ್ತೆ.

ಅಡುಗೆಮನೆ ಬಗ್ಗೆ ನಮ್ಮೋರು ಗಮನಿಸಬೇಕಾದ್ದು ಒಂದಿದೆ. ಎಷ್ಟೋ ಮನೆಗಳಲ್ಲಿ ಒಲೆ ಮೇಲಿನ ಫ್ಯಾನು ಹೊಗೇನ ಹೊರಗೆ ಕಳಿಸಲ್ಲ, ಫಿಲ್ಟರ್ ದಾಟಿಸಿ ಮತ್ತೆ ಒಳಗೇ ಬಿಡುತ್ತೆ. ಒಗ್ಗರಣೆಗೆ ಒಣಮೆಣಸಿನಕಾಯಿ ಬಿದ್ದ ಕ್ಷಣಕ್ಕೆ ಸ್ಮೋಕ್ ಅಲಾರಂ ಕಿರುಚೋಕೆ ಶುರು ಮಾಡುತ್ತೆ, ಮಲಗಿದ್ದ ಮಗು ಎದ್ದು ಅಳುತ್ತೆ. ಇನ್‌ಸ್ಪೆಕ್ಷನ್‌ಗೆ ಹೋದಾಗಲೇ ಒಲೆ ಪಕ್ಕ ತೆಗೆಯೋಕೆ ಬರೋ ಕಿಟಕಿ ಇದೆಯಾ, ಫ್ಯಾನಿನ ಪೈಪು ಹೊರಗೆ ಹೋಗುತ್ತಾ ನೋಡಿ. ಇಲ್ಲಾಂದ್ರೆ ಒಗ್ಗರಣೆ ಸೌಟು ಇಡೋ ಮುಂಚೇನೇ ಕಿಟಕಿ, ಹಿಂದಿನ ಬಾಗಿಲು ತೆಗೆದಿಡಿ. ಅಲಾರಂ ಬ್ಯಾಟರಿ ತೆಗೆಯೋದು, ಅದಕ್ಕೆ ಬಟ್ಟೆ ಕಟ್ಟೋದು ಖಂಡಿತ ಬೇಡ, ಕಾನೂನಿಗೂ ವಿರುದ್ಧ, ಇಲ್ಲಿನ ಮನೆ ಚೌಕಟ್ಟೆಲ್ಲ ಮರದ್ದು, ಬೆಂಕಿ ಹಿಡಿದ್ರೆ ಬೇಗ ಹಬ್ಬುತ್ತೆ.

ಮಕ್ಕಳ ವಿಷಯ ಸ್ವಲ್ಪ ವಿವರವಾಗಿ ಹೇಳ್ಬೇಕು, ಯಾಕಂದ್ರೆ ಗೊತ್ತಿಲ್ದೆ ಒಂದು ವರ್ಷ ಕಳ್ಕೊಳ್ಳೋರು ತುಂಬ ಜನ. ಹುಟ್ಟಿದಾಗಿಂದ ಸ್ಕೂಲ್ ಸೇರೋವರೆಗೂ ಕೌನ್ಸಿಲ್‌ನೋರದ್ದು ಮೆಟರ್ನಲ್ ಅಂಡ್ ಚೈಲ್ಡ್ ಹೆಲ್ತ್ ಅಂತ ಫ್ರೀ ಸರ್ವೀಸ್ ಇದೆ, ನರ್ಸ್ ಮಗು ತೂಕ, ಬೆಳವಣಿಗೆ, ಮಾತು ಎಲ್ಲ ನೋಡ್ತಾರೆ, ಬಾಣಂತಿ ಮನಸ್ಸು ಹೇಗಿದೆ ಅಂತಾನೂ ಕೇಳ್ತಾರೆ. ಬಾಣಂತನಕ್ಕೆ ಯಾರೂ ಇಲ್ದೇ ಇರೋರು ಆ ಪ್ರಶ್ನೆಗೆ "ಚೆನ್ನಾಗಿದೀನಿ" ಅಂದುಬಿಡಬೇಡಿ, ಇದ್ದದ್ದನ್ನ ಇದ್ದ ಹಾಗೆ ಹೇಳಿ. ರಾತ್ರಿ ಎಷ್ಟೊತ್ತಾದ್ರೂ 13 22 29ಕ್ಕೆ ಫೋನ್ ಮಾಡಿದ್ರೆ ಅವರ ನರ್ಸ್ ಸಿಗ್ತಾರೆ.

ಮೂರು ವರ್ಷ ತುಂಬಿದ ಮೇಲೆ ಕಿಂಡರ್, ಅಂದ್ರೆ ಸ್ಕೂಲಿಗೆ ಮುಂಚಿನ ಶಿಶುವಿಹಾರ. ವಿಕ್ಟೋರಿಯಾದಲ್ಲಿ 2023ರಿಂದ ಮೂರು, ನಾಲ್ಕು ವರ್ಷದ ಮಕ್ಕಳಿಗೆ ಫ್ರೀ ಕಿಂಡರ್ ಇದೆ, ಆದ್ರೆ ಅದು ಸಾಮಾನ್ಯವಾಗಿ ವಾರಕ್ಕೆ 15 ಗಂಟೆವರೆಗೆ ಮಾತ್ರ, ಅಂದ್ರೆ ಎರಡು ಮೂರು ದಿನ ಕೆಲವು ಗಂಟೆ, ಇಬ್ಬರೂ ಫುಲ್‌ಟೈಮ್ ಕೆಲಸಕ್ಕೆ ಹೋಗೋಕೆ ಸಾಕಾಗಲ್ಲ. ಇಡೀ ದಿನದ ಚೈಲ್ಡ್‌ಕೇರ್ ಬೇಕಾದ್ರೆ ದಿನಕ್ಕೆ ನೂರು ಡಾಲರ್ ಮೇಲೇನೇ, ಅದರ ಸಬ್ಸಿಡಿ ಟೆಂಪರರಿ ವೀಸಾದೋರಿಗೆ ಸಾಮಾನ್ಯವಾಗಿ ಸಿಗಲ್ಲ, ಇದನ್ನ ಬಜೆಟ್ಟಲ್ಲಿ ಮೊದಲೇ ಬರ್ಕೊಳ್ಳಿ. ಕಿಂಡರ್ ಜಾಗಕ್ಕೆ ಕೌನ್ಸಿಲಲ್ಲಿ ಹಿಂದಿನ ವರ್ಷವೇ ಹೆಸರು ಬರೆಸಬೇಕು, ಬಂದ ವಾರಾನೇ ಕೇಳಿ. ಏಪ್ರಿಲ್ 30ರೊಳಗೆ ಐದು ತುಂಬೋ ಮಗು ಆ ವರ್ಷ ಸ್ಕೂಲಿನ ಮೊದಲ ವರ್ಷ, ಅಂದ್ರೆ ಪ್ರೆಪ್‌ಗೆ ಸೇರಬಹುದು. ಸರ್ಕಾರಿ ಸ್ಕೂಲು ನಿಮ್ಮ ವಿಳಾಸದ ಜೋನ್ ಪ್ರಕಾರ, ಫೈಂಡ್ ಮೈ ಸ್ಕೂಲ್ ವೆಬ್‌ಸೈಟಲ್ಲಿ ಅಡ್ರೆಸ್ ಹಾಕಿದ್ರೆ ತೋರಿಸುತ್ತೆ, ಈ ಕಡೆ ಹೊಸ ಸ್ಕೂಲುಗಳು ಬರ್ತಾ ಇರೋದ್ರಿಂದ ಜೋನ್ ಬದಲಾಗ್ತಾ ಇರುತ್ತೆ, ಅದಕ್ಕೆ ಲೀಸ್, ಅಂದ್ರೆ ಬಾಡಿಗೆ ಕರಾರು, ಸೈನ್ ಮಾಡೋ ಮುಂಚೆ ಮುಂದಿನ ವರ್ಷದ ಜೋನೂ ನೋಡಿ. ಪ್ರೆಪ್ ಅರ್ಜಿ ಹಿಂದಿನ ವರ್ಷ ಜುಲೈ ಕೊನೆ ಹೊತ್ತಿಗೆ ಕೊಟ್ಟಿರಬೇಕು. ಕೆಲವು ವೀಸಾಗಳಿಗೆ ಸರ್ಕಾರಿ ಸ್ಕೂಲಲ್ಲೂ ಫೀಸ್ ಇದೆ, ನಿಮ್ಮ ವೀಸಾ ಸಬ್‌ಕ್ಲಾಸ್ ನಂಬರ್ ಹೇಳಿ ಕೇಳ್ಕೊಳ್ಳಿ.

ಮನೇಲಿ ಮಗು ಜೊತೆ ಇರೋರಿಗೆ ನಾವು ಮೊದಲು ಹೇಳೋ ಜಾಗ ಲೈಬ್ರರಿ. ಟಾರ್ನೀಟಲ್ಲಿ ಜೂಲಿಯಾ ಗಿಲಾರ್ಡ್ ಲೈಬ್ರರಿ ಇದೆ, ಇಲ್ಲಿಂದಲೇ ಸಂಸತ್ತಿಗೆ ಆಯ್ಕೆಯಾಗಿ ಪ್ರಧಾನಿ ಆದೋರ ಹೆಸರು ಅದಕ್ಕೆ. ಚಿಕ್ಕ ಮಕ್ಕಳಿಗೆ ಹಾಡು, ಕತೆ ಹೇಳೋ ಸೆಷನ್ ಫ್ರೀ, ಅಮ್ಮಂದಿರು ಅಪ್ಪಂದಿರು ನೆಲದ ಮೇಲೆ ಕೂತ್ಕೊಂಡು ಮಕ್ಕಳನ್ನ ತೊಡೆ ಮೇಲೆ ಕೂರಿಸ್ಕೊಂಡು ಹಾಡ್ತಾರೆ, ಅದು ಮುಗಿದ ಮೇಲೆ ಹತ್ತು ನಿಮಿಷ ನಿಂತು ಮಾತಾಡಿದ್ರೆ ಸಾಕು, ಮುಂದಿನ ವಾರಕ್ಕೆ ಒಬ್ಬರು ಪರಿಚಯದೋರು ಇರ್ತಾರೆ. ಪ್ಲೇಗ್ರೂಪ್‌ಗಳೂ ಹಾಗೇ.

ಆಮೇಲೆ ಡ್ರೈವಿಂಗ್. ಇಲ್ಲಿ ಇಬ್ಬರಿಗೂ ಲೈಸೆನ್ಸ್ ಬೇಕೇ ಬೇಕು, ಎರಡನೇ ಕಾರ್ ಆಮೇಲೆ ನೋಡ್ಕೊಳ್ಳಿ. ಇಂಡಿಯಾದ ಲೈಸೆನ್ಸಲ್ಲಿ ಓಡಿಸೋಕೆ ಕೊಡೋ ಅವಧಿ ಆರು ತಿಂಗಳು, ಅದರೊಳಗೆ ಥಿಯರಿ, ಹಝಾರ್ಡ್ ಟೆಸ್ಟ್, ಡ್ರೈವ್ ಟೆಸ್ಟ್ ಮೂರೂ ಪಾಸಾಗಬೇಕು, ಹಾಗಾಗಿ ಬಂದ ತಿಂಗಳಲ್ಲೇ ಶುರು ಮಾಡಿ. ಹೆಂಡತಿ ಹೆಸರಲ್ಲಿ ಊರಲ್ಲಿ ಲೈಸೆನ್ಸ್ ಇದ್ದೂ ಓಡಿಸಿ ಅಭ್ಯಾಸ ಇಲ್ದಿದ್ರೆ ಮೊದಲ ದುಡ್ಡು ಡ್ರೈವಿಂಗ್ ಕ್ಲಾಸಿಗೆ ಹಾಕಿ, ಟೀವಿ ಸೋಫಾ ಕಾಯಬಹುದು. ಮಗೂನ ತೊಡೆ ಮೇಲೆ ಕೂರಿಸ್ಕೊಂಡು ಕಾರಲ್ಲಿ ಹೋಗೋ ಹಾಗಿಲ್ಲ, ಏಳು ವರ್ಷದವರೆಗೂ ಚೈಲ್ಡ್ ಸೀಟ್ ಅಥವಾ ಬೂಸ್ಟರ್ ಕಡ್ಡಾಯ, ಆರು ತಿಂಗಳೊಳಗಿನ ಮಗು ಹಿಂದಕ್ಕೆ ಮುಖ ಮಾಡಿರೋ ಸೀಟಲ್ಲೇ ಇರಬೇಕು. ಆಸ್ಟ್ರೇಲಿಯಾದ ಸ್ಟ್ಯಾಂಡರ್ಡ್ ಸ್ಟಿಕ್ಕರ್ ಇರೋ ಸೀಟ್ ಮಾತ್ರ ನಡೆಯೋದು, ಹಾಗಾಗಿ ಊರಿಂದ ಸೀಟ್ ಹೊತ್ಕೊಂಡು ಬರಬೇಡಿ.

ಮಗೂಗೆ ಜ್ವರ ಬಂದ್ರೆ ಸೀದಾ ಎಮರ್ಜೆನ್ಸಿಗೆ ಓಡಬೇಕಾ ಅಂತ ಅನುಮಾನ ಇದ್ರೆ ನರ್ಸ್ ಆನ್ ಕಾಲ್ 1300 60 60 24, ಪ್ರಾಣಾಪಾಯ ಅನ್ನಿಸಿದ್ರೆ ಯೋಚನೆ ಮಾಡದೆ 000. ಹತ್ತಿರದ ಎಮರ್ಜೆನ್ಸಿ ವೆರಿಬೀ ಮರ್ಸಿ, ಆಮೇಲೆ ಸನ್‌ಶೈನ್ ಆಸ್ಪತ್ರೆ, ಎರಡಕ್ಕೂ ದಾರಿ ಒಂದು ಸಲ ಹಗಲಲ್ಲೇ ಹೋಗಿ ನೋಡಿಟ್ಕೊಳ್ಳಿ. ಮೆಡಿಕೇರ್, ಅಂದ್ರೆ ಇಲ್ಲಿನ ಸರ್ಕಾರಿ ಆರೋಗ್ಯ ಸೌಲಭ್ಯ, ಇಲ್ಲದ ವೀಸಾ ಆದ್ರೆ ಇನ್ಶೂರೆನ್ಸ್ ಕಾರ್ಡ್ ಪರ್ಸಲ್ಲೇ ಇರಲಿ.

ದಿನಸಿಗೆ ತೊಂದರೆ ಇಲ್ಲ, ಸೋನಾ ಮಸೂರಿ, ರಾಗಿ ಹಿಟ್ಟು, ಕರಿಬೇವು ಎಲ್ಲ ಇಲ್ಲೇ ಸಿಗುತ್ತೆ. ದೇವಸ್ಥಾನ ಅಂದ್ರೆ ರಾಕ್‌ಬ್ಯಾಂಕ್ ಕಡೆ ದುರ್ಗಾ ದೇವಸ್ಥಾನ ಹತ್ರ, ನಮ್ಮ ಕಡೆ ಪದ್ಧತಿಯ ದೊಡ್ಡ ಶಿವ ವಿಷ್ಣು ದೇವಸ್ಥಾನ ಇರೋದು ಕ್ಯಾರಮ್ ಡೌನ್ಸಲ್ಲಿ, ಊರಿನ ಇನ್ನೊಂದು ತುದಿ, ಹಬ್ಬದ ದಿನ ಹೋಗೋರು ಬೆಳಗ್ಗೇನೇ ಹೊರಡಿ.

ಮನೆ ಕೊಳ್ಳೋ ಮಾತು ಬಂದ ತಿಂಗಳಲ್ಲೇ ಶುರುವಾಗುತ್ತೆ, ಪಾರ್ಟಿಗೆ ಹೋದ್ರೆ ಎಲ್ಲರೂ ಅದನ್ನೇ ಮಾತಾಡೋದು. ಕನಿಷ್ಠ ಒಂದು ವರ್ಷ ಬಾಡಿಗೆಗಿರಿ, ಒಂದು ಬೇಸಿಗೆ ಒಂದು ಚಳಿಗಾಲ ನೋಡಿ. ಟೆಂಪರರಿ ವೀಸಾದೋರು 2025ರ ಏಪ್ರಿಲ್ 1ರಿಂದ 2027ರ ಮಾರ್ಚ್ 31ರವರೆಗೆ ಹಳೇ ಮನೆ ಕೊಳ್ಳೋ ಹಾಗೇ ಇಲ್ಲ, ಹೊಸದು ಕೊಂಡ್ರೂ ಇಲ್ಲಿ ಹೆಚ್ಚುವರಿ ಸ್ಟ್ಯಾಂಪ್ ಡ್ಯೂಟಿ ಬೀಳುತ್ತೆ. ಪಿಆರ್ (ಪರ್ಮನೆಂಟ್ ವೀಸಾ) ಆದ ಮೇಲೆ ಮೊದಲ ಮನೆಗೆ ರಿಯಾಯಿತಿಗಳಿವೆ, ಕಾಯೋದ್ರಲ್ಲಿ ನಷ್ಟ ಇಲ್ಲ.

ಹೊರಡೋ ಮುಂಚೆ ಊರಲ್ಲೇ ಮಾಡಿಕೊಂಡು ಬರಬೇಕಾದ್ದು ಅಂದ್ರೆ ಮಗೂನ ಪೂರ್ತಿ ಲಸಿಕೆ ಕಾರ್ಡು, ತಾರೀಖು ಎಲ್ಲ ಓದೋ ಹಾಗಿರಲಿ, ಯಾಕಂದ್ರೆ ಇಲ್ಲಿ ಲಸಿಕೆ ದಾಖಲೆ ಇಲ್ದೆ ಕಿಂಡರ್‌ಗೂ ಚೈಲ್ಡ್‌ಕೇರಿಗೂ ಸೇರಿಸ್ಕೊಳ್ಳಲ್ಲ, ಬಂದ ಕೂಡಲೇ ಜಿಪಿ (ಫ್ಯಾಮಿಲಿ ಡಾಕ್ಟರ್) ಹತ್ರ ಹೋಗಿ ಇಲ್ಲಿನ ರಿಜಿಸ್ಟರಿಗೆ ಹಾಕಿಸಿ. ಬರ್ತ್ ಸರ್ಟಿಫಿಕೇಟ್, ಸ್ಕೂಲ್ ರಿಪೋರ್ಟ್, ಇಬ್ಬರ ಡ್ರೈವಿಂಗ್ ಲೈಸೆನ್ಸು ಹ್ಯಾಂಡ್ ಬ್ಯಾಗಲ್ಲಿರಲಿ. ಉಪ್ಪಿನಕಾಯಿ, ಚಟ್ನಿಪುಡಿ, ಸಾಂಬಾರ್ ಪುಡಿ, ತಿಂಡಿ ಏನೇ ತಂದ್ರೂ ಏರ್‌ಪೋರ್ಟ್ ಫಾರಂನಲ್ಲಿ "ಹೌದು" ಅಂತ ಟಿಕ್ ಹಾಕಿ ತೋರಿಸಿ, ಬೇಡದ್ದಿದ್ರೆ ತೆಗೆದಿಟ್ಕೋತಾರೆ ಅಷ್ಟೇ, ಮುಚ್ಚಿಟ್ಟು ಸಿಕ್ಕಿಬಿದ್ರೆ ದಂಡ ಭಾರಿ. ಮನೆ ಇನ್ನೂ ನೋಡ್ತಾ ಇದ್ರೆ ಅಡ್ರೆಸ್ ಸಂಘಕ್ಕೆ ಕಳಿಸಿ, ಆ ರಸ್ತೆ ಹತ್ರ ಇರೋ ಕುಟುಂಬದೋರು ಯಾರಾದ್ರೂ ನಿಮ್ಮ ಜೊತೆ ಬಂದು ಒಂದು ಸುತ್ತು ನಡೆದು ನೋಡ್ತಾರೆ.